ಹಿಮದ ದಾರಿಯಲ್ಲಿ ಹಕ್ಕಿ ನೋಡಲು: ಸ್ಪಿತಿಯೋ, ಚೋಪ್ಟಾವೋ?

ಚಳಿಗಾಲದಲ್ಲಿ ಮನಾಲಿ ಕಡೆಯ ಕುಂಜುಂ ಘಾಟಿ ಮುಚ್ಚಿರುತ್ತದೆ; ಹಿಮಾಚಲದ ಸ್ಪಿತಿ ಕಣಿವೆಗೆ ಶಿಮ್ಲಾ, ಕಿನ್ನೌರ್ ಸುತ್ತಿಕೊಂಡೇ ಹೋಗಬೇಕು. ದಾರಿಗೇ ಎರಡು ಮೂರು ದಿನ. ಆದರೂ ಅಲ್ಲಿನ ಕಿಬ್ಬರ್ ಹಳ್ಳಿಯ ಹತ್ತಿರದ ತಿರುವಿನಲ್ಲಿ ಎಂಜಿನ್ ಆರಿಸಿ ಕಾದು ನೋಡಿ. ನಮ್ಮ ಕಾವ್ಯಗಳಲ್ಲಿ ಬೆಳದಿಂಗಳು ಕುಡಿಯುವ ಚಕೋರ ಇಲ್ಲಿ ಕೆಂಪು ಕೊಕ್ಕು, ಪಕ್ಕೆಯ ಕಪ್ಪು ಪಟ್ಟೆ ತೋರಿಸುತ್ತಾ ಹಿಮ ಕರಗಿದ ಬಂಡೆಯಂಚಿನಲ್ಲಿ ಗುಂಪಾಗಿ ಓಡುತ್ತದೆ. ಮೇಲೆ, ಮೂಳೆ ತಿನ್ನುವ ಗಡ್ಡದ ರಣಹದ್ದು. ಎಂಥ ನೋಟ ಅದು!

ಉತ್ತರಾಖಂಡದ ಚೋಪ್ಟಾ ಸುಮಾರು 2,700 ಮೀಟರ್ ಎತ್ತರ, ಕಿಬ್ಬರ್ 4,200. ಉಸಿರಿಗೆ ಚೋಪ್ಟಾವೇ ಹಗುರ. ಹಿಮ ಹೆಚ್ಚಾದರೆ ಚೋಪ್ಟಾ ದಾರಿಯಲ್ಲಿ ಸಿಗುವ ದುಗ್ಗಲ್‌ಬಿಟ್ಟಾದಿಂದಾಚೆ ನಡಿಗೆ. ಕಾಡುಕೋಳಿಯ ಬಳಗದ ಗಂಡು ಮೋನಾಲ್ ಹಕ್ಕಿ ಕಂಡರೆ ಬಿಳಿಯ ಮೇಲೆ ನವಿಲಿನ ಬಣ್ಣ ಚೆಲ್ಲಿದಂತೆ.

ವಯಸ್ಸಾದವರು ಜೊತೆಗಿದ್ದರೆ ಚೋಪ್ಟಾ. ಹತ್ತು ದಿನ ರಜೆಯಿದ್ದರೆ ಕಣ್ಣುಮುಚ್ಚಿ ಸ್ಪಿತಿ; ಚಕ್ರಕ್ಕೆ ಚೈನು ಕಟ್ಟಬಲ್ಲ ಸ್ಥಳೀಯ ಚಾಲಕರನ್ನೇ ಗೊತ್ತುಮಾಡಿಕೊಳ್ಳಿ.