ಹಳೇ ಡ್ರಿಲ್ಲಿಂಗ್ ಕೋವಿ: ತೋಟಾ ಒಳಗೆ ಕೂತ ಮಾತ್ರಕ್ಕೆ ನಂಬಬೇಡಿ

ಮೇಲೆ ಎರಡು ಚರೆ ನಳಿಗೆ, ಕೆಳಗೆ ಒಂದು ರೈಫಲ್ ನಳಿಗೆ ಇರುವ ಹಳೇ ಜರ್ಮನ್ ಡ್ರಿಲ್ಲಿಂಗ್ ನಿಮ್ಮ ಹತ್ತಿರ ಇದ್ದರೆ, ಅಥವಾ ಕೊಳ್ಳುವ ಯೋಚನೆ ಇದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಕೋವಿ ಹಾಳಾಯಿತು. ಕೈ, ಕಣ್ಣು ಉಳಿದವು, ಅಷ್ಟೇ ಸಮಾಧಾನ.

ಮಾರಿದವರು ಹೇಳಿದ್ದು ಇಷ್ಟು: "16 ಬೋರ್, ಯಾವ ತೋಟಾ ಆದರೂ ನಡೆಯುತ್ತೆ. ರೈಫಲ್‌ಗೆ 8×57." 16 ಬೋರ್ ಅಂದರೆ ಚರೆ ನಳಿಗೆಯ ಅಗಲದ ಅಳತೆ, 8×57 ಅಂದರೆ ರೈಫಲ್ ತೋಟಾದ ಅಳತೆ. ಎರಡೂ ಬಗೆಯ ತೋಟಾ ಅವರೇ ಕೊಟ್ಟರು. ಎಲ್ಲವೂ ಸಲೀಸಾಗಿ ಒಳಗೆ ಹೋದವು, ಕೋವಿ ಸರಿಯಾಗಿ ಮುಚ್ಚಿಕೊಂಡಿತು. ಆದರೆ ಹೊಡೆದ ಮೇಲೆ ಚರೆ ತೋಟಾದ ಬಾಯಿ ಹರಿದು ನಾರುನಾರಾಗಿ ಬರುತ್ತಿತ್ತು. ರೈಫಲ್ ಕೇಸು ಒಳಗೇ ಕಚ್ಚಿಕೊಳ್ಳುತ್ತಿತ್ತು, ಅದರ ತಳದಲ್ಲಿ ಮದ್ದು ಹೊತ್ತಿಸುವ ಕೇಪು ಚಪ್ಪಟೆ. ಸ್ವಲ್ಪ ದಿನಕ್ಕೆ ನಳಿಗೆಯ ಹಿಂಬದಿಗೂ ಕೋವಿಯ ಮೈಗೂ ನಡುವೆ ಬೆಳಕು ಕಾಣುವಷ್ಟು ಸಂದು ಬಿಟ್ಟಿತು.

ಕೋವಿ ರಿಪೇರಿ ಮಾಡುವವರು ಬಿಚ್ಚಿ ಅಳೆದಾಗ ಎರಡು ವಿಷಯ ಹೊರಬಂತು.

ಒಂದು, ಚರೆ ನಳಿಗೆಯ ಚೇಂಬರ್, ಅಂದರೆ ತೋಟಾ ಕೂರುವ ಜಾಗ, 65 ಮಿ.ಮೀ. ಕೊಟ್ಟಿದ್ದ ತೋಟಾ 70 ಮಿ.ಮೀ. ಈ 70 ಅನ್ನುವುದು ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆಯುವ ಮೊದಲು ಬಾಯಿ ಮಡಚಿರುವುದರಿಂದ ತೋಟಾ ಗಿಡ್ಡಗಿರುತ್ತದೆ, ಹಾಗಾಗಿ ಗಿಡ್ಡ ಚೇಂಬರ್‌ನಲ್ಲೂ ಆರಾಮಾಗಿ ಕೂರುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಮುಂದಿನ ಕಿರಿದಾಗುವ ಭಾಗಕ್ಕೆ ನುಗ್ಗುತ್ತದೆ, ಚರೆ ಹೋಗುವ ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ. ಇವತ್ತಿನ ಯುರೋಪಿನ ನಿಯಮದಲ್ಲಿ 16 ಬೋರ್ ತೋಟಾದ ಒತ್ತಡ 780 ಬಾರ್‌ವರೆಗೆ ಇರಬಹುದು. ಕರಿಮದ್ದಿಗೆ (ಹೊಗೆ ಕಾರುವ ಹಳೇ ಕಾಲದ ಮದ್ದು) ಮಾತ್ರ ಪರೀಕ್ಷೆ ಆದ ನಳಿಗೆಗೆ ಅದೇ ಜಾಸ್ತಿ, ಅದರ ಮೇಲೆ ಇದು ಬೇರೆ!

ಎರಡನೆಯದು ಇನ್ನೂ ಕೆಟ್ಟದ್ದು. ಹಳೇ 8×57 ಜೆಆರ್ ನಳಿಗೆಗೆ .318 ಇಂಚಿನ ಗುಂಡು ಬೇಕು. ಡಬ್ಬಿಯಲ್ಲಿದ್ದದ್ದು ಜೆಆರ್‌ಎಸ್, ಅಂದರೆ .323 ಇಂಚು. ವ್ಯತ್ಯಾಸ ಮಿಲಿಮೀಟರ್‌ನ ಎಂಟನೇ ಒಂದು ಭಾಗ. ಆದರೆ ದಪ್ಪ ಗುಂಡನ್ನು ಸಣ್ಣ ನಳಿಗೆಯಲ್ಲಿ ತುರುಕಿ ಹಾಯಿಸಿದರೆ ಒತ್ತಡ ಎಲ್ಲಿಗೆ ಹೋಗುತ್ತೆ, ಊಹಿಸಿ. ಆ ಒಂದು 'ಎಸ್' ಅಕ್ಷರವನ್ನು ದಯವಿಟ್ಟು ನೋಡಿ. ತೋಟಾ ನೀವೇ ತುಂಬುವವರಾದರೆ ಇನ್ನೊಂದು ಮಾತು: ಬೋಲ್ಟ್ ರೈಫಲ್‌ನ 8×57 ಐಎಸ್‌ಗೆ ಮಿತಿ 3900 ಬಾರ್, ಮಡಚುವ ಕೋವಿಯ ಜೆಆರ್‌ಎಸ್‌ಗೆ 3300. ಕೀಲಿನ ಕೋವಿ ಬೋಲ್ಟ್‌ನಷ್ಟು ಗಟ್ಟಿಯಲ್ಲ, ಅದಕ್ಕೇ ಈ ಕಡಿತ. ಐಎಸ್‌ನ ಮದ್ದಿನ ಲೆಕ್ಕವನ್ನು ಇದಕ್ಕೆ ಎತ್ತಿಕೊಳ್ಳಲೇಬೇಡಿ.

"ಭುಜಕ್ಕೆ ಏಟು ಕಮ್ಮಿ, ಹಗುರ ತೋಟಾ, ಏನೂ ಆಗಲ್ಲ" ಅಂತ ಸುಮ್ನೆ ಹೇಳುವವರು ತುಂಬಾ ಜನ. ಏಟು ಬೇರೆ, ಒತ್ತಡ ಬೇರೆ. ಚರೆಯ ತೂಕ ಕಮ್ಮಿ ಇದ್ದು ಬೇಗ ಉರಿಯುವ ಮದ್ದು ಹಾಕಿದ್ದರೆ ಭುಜಕ್ಕೆ ಮೆತ್ತಗೆ, ನಳಿಗೆಗೆ ಪೂರ್ತಿ ಹೊಡೆತ. ಉಕ್ಕಿನ ಚರೆಯಂತೂ ಬಿಗಿ ಚೋಕ್‌ನ (ತುದಿ ಕಿರಿದಾದ) ಹಳೇ ನಳಿಗೆಗೆ ಬೇಡವೇ ಬೇಡ.

ಕೊಳ್ಳುವ ಮುಂಚೆ ನಳಿಗೆ ಕಳಚಿ ತಳದ ಮುದ್ರೆ ಓದಿಸಿ. ನಳಿಗೆಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಜರ್ಮನಿಯ ಪರೀಕ್ಷಾ ಕಾನೂನು ಬಂದದ್ದು 1891ರಲ್ಲಿ, ಜಾರಿಯಾದದ್ದು 1893ರಲ್ಲಿ. ಆ ಕಾಲದ ಕೋವಿಗಳಲ್ಲಿ ಕರಿಮದ್ದಿಗೆ ಮಾತ್ರ ಪಾಸಾದವೂ ಇವೆ. ನೈಟ್ರೋ (ಹೊಗೆರಹಿತ ಮದ್ದಿನ) ಮುದ್ರೆ ಇದ್ದರೂ ಅದು ಅಂದಿನ ತೋಟಾಕ್ಕೆ, ಅಂದಿನ ಚೇಂಬರ್‌ಗೆ ಕೊಟ್ಟ ಒಪ್ಪಿಗೆ. ಮುದ್ರೆಯ ಜೊತೆಗೆ ಚೇಂಬರ್‌ನ ಅಚ್ಚು ತೆಗೆಸಿ, ರೈಫಲ್ ನಳಿಗೆಯೊಳಗೆ ಮೆತ್ತನೆ ಸೀಸ ಹಾಯಿಸಿ ನಿಜವಾದ ಅಳತೆ ತೆಗೆಸಿ. 65 ಮಿ.ಮೀ. ತೋಟಾ ಈಗಲೂ ತಯಾರಾಗುತ್ತವೆ, ಹುಡುಕಿದರೆ ಸಿಗುತ್ತವೆ.

"ಚೇಂಬರ್ ಕೊರೆದು 70 ಮಾಡಿಸಿದ್ದೀವಿ" ಅಂತ ಯಾರಾದರೂ ಹೇಳಿದರೆ, ಕೊರೆದ ಮೇಲೆ ಮತ್ತೆ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಕೊರೆದಲ್ಲಿ ನಳಿಗೆಯ ಗೋಡೆ ತೆಳ್ಳಗಾಗಿರುತ್ತದೆ. ಹೊಸ ಮುದ್ರೆ ತೋರಿಸದಿದ್ದರೆ ಆ ಕೋವಿ ಬಿಟ್ಟುಬಿಡಿ.