ಹೊಳೆ ದಾರಿ, ದಿಣ್ಣೆ ದಾರಿ, ಅಡ್ಡ ದಾರಿ: ಸೈಕಲ್ಲಿಗೆ ಯಾವುದು ವಾಸಿ?

ಏರಿಳಿತದ ಹಳ್ಳಿ ರಸ್ತೆಗಳಲ್ಲಿ ಸೈಕಲ್ ತುಳಿಯುವವರು ದಾರಿ ಆರಿಸುವಾಗ ಎರಡು ಅಂಕಿ ನೋಡುತ್ತಾರೆ: ಎಷ್ಟು ಕಿಲೋಮೀಟರ್, ಒಟ್ಟು ಎಷ್ಟು ಮೀಟರ್ ಏರು. ಎರಡನೆಯ ಅಂಕಿಯ ಮೇಲೆ ನನಗೆ ಈಗ ಅಷ್ಟು ನಂಬಿಕೆ ಇಲ್ಲ. ಇಳಿಜಾರಿನ ತಳದಲ್ಲಿ ಏನು ಕಾದಿದೆ ಅನ್ನುವುದೇ ಮುಖ್ಯ. ಅಲ್ಲಿರುವುದು ಕಡಿದಾದ ತಿರುವೋ, ಕಿರಿದಾದ ಮೋರಿಯೋ, ಮಳೆನೀರು ತಂದು ಹರಡಿದ ಮರಳೋ, ಇಲ್ಲಾ ಮುಂದಿನ ಏರಿನ ತುದಿಯವರೆಗೂ ಕಾಣುವ ನೇರ ರಸ್ತೆಯೋ? ಒಂದೇ ಸೀಮೆಯ ಮೂರು ದಾರಿಗಳನ್ನು ಒಂದೇ ಸೈಕಲ್ಲಿನಲ್ಲಿ, ಅದೇ 28 ಮಿ.ಮೀ. ಟೈರಿನಲ್ಲಿ, ಹೆಚ್ಚುಕಡಿಮೆ ಒಂದೇ ದಮ್ಮಿನಲ್ಲಿ ತುಳಿದು ನೋಡಿದ ಮೇಲಿನ ಮಾತು ಇದು. ಮೂರೂ ಸುಮಾರು 40 ಕಿ.ಮೀ.

ಮೊದಲನೆಯದು ಹೊಳೆ ದಾರಿ. ಕಣಿವೆಯ ತಳ ಹಿಡಿದು ಒಂದು ದಡದಲ್ಲಿ ಹೋಗಿ, ಸೇತುವೆ ದಾಟಿ, ಇನ್ನೊಂದು ದಡದಲ್ಲಿ ವಾಪಸ್ ಬರುವುದು. ಒಟ್ಟು ಏರು 150 ಮೀಟರ್ ಆಸುಪಾಸು. ಮೂರರಲ್ಲಿ ಬೇಗ ಮುಗಿಯುವುದು ಇದೇ. ನನಗೆ ತಾಸಿಗೆ 25 ಕಿ.ಮೀ. ಸರಾಸರಿ ಸಲೀಸಾಗಿ ಸಿಗುತ್ತದೆ. ಹೊಸಬರನ್ನು ಕರೆದುಕೊಂಡು ಹೋಗಬೇಕೆಂದರೆ ಯಾರಾದರೂ ಇದನ್ನೇ ಹೇಳುತ್ತಾರೆ, ನಾನೂ ಬೇಡ ಅನ್ನುವುದಿಲ್ಲ.

ಆದರೆ ಇಲ್ಲಿ ಕಾಲಿಗೆ ಬಿಡುವೇ ಇಲ್ಲ. ಇಳಿಜಾರು ಬಂದರೆ ತಾನೇ ತುಳಿಯುವುದು ನಿಲ್ಲಿಸುವುದು? ಏರು ಬಂದರೆ ತಾನೇ ಸೀಟಿನಿಂದ ಏಳುವುದು? ಒಂದೂವರೆ ತಾಸು ಒಂದೇ ಭಂಗಿಯಲ್ಲಿ ಕೂತು ತುಳಿದರೆ ಅಂಗೈ ಜೋಮು ಹಿಡಿಯುತ್ತದೆ, ಕತ್ತು ಬಿಗಿಯುತ್ತದೆ. ಕೂರುವ ಜಾಗದ ನೋವಂತೂ ಗುಡ್ಡದ ದಾರಿಗಿಂತ ಇಲ್ಲೇ ಜಾಸ್ತಿ. ಜೊತೆಗೆ ಕಣ್ಣಿಗೆ ಕಾಣದ ಏರು ಒಂದಿದೆ. ಹೊಳೆ ಹರಿಯುವ ದಿಕ್ಕಿಗೆ ಎದುರಾಗಿ ಹೋಗುವಾಗ ರಸ್ತೆ ಸಪಾಟಾಗಿ ಕಂಡರೂ ಅಲ್ಲಲ್ಲಿ ಶೇಕಡಾ ಒಂದರಷ್ಟು, ಅಂದರೆ ನೂರು ಮೀಟರಿಗೆ ಒಂದು ಮೀಟರಿನಂತೆ, ಏರುತ್ತಾ ಇರುತ್ತದೆ. ಸವಾರ, ಸೈಕಲ್ ಸೇರಿ 80 ಕಿಲೋ ಎಂದಿಟ್ಟುಕೊಂಡರೆ, 25 ಕಿ.ಮೀ. ವೇಗದಲ್ಲಿ ಆ ಒಂದು ಶೇಕಡಾ ಸುಮಾರು 55 ವ್ಯಾಟ್ ಹೆಚ್ಚಿಗೆ ಕೇಳುತ್ತದೆ. ಯಾಕೆ ಇವತ್ತು ಕಾಲು ಬರುತ್ತಿಲ್ಲ, ಬ್ರೇಕೇನಾದರೂ ಉಜ್ಜುತ್ತಿದೆಯಾ ಎಂದು ಬಗ್ಗಿ ಬಗ್ಗಿ ಚಕ್ರ ನೋಡುವುದು ಇಂಥ ರಸ್ತೆಯಲ್ಲೇ.

ಇನ್ನೊಂದು ತಕರಾರು ಗಾಡಿಗಳದು. ರಸ್ತೆ ಹಾಕುವವರು ಕಡಿಮೆ ಏರಿರುವ ಜಾಗವನ್ನೇ ಹುಡುಕುತ್ತಾರೆ, ಹಾಗಾಗಿ ಲಾರಿಗಳ ಓಡಾಟವೂ ಕಣಿವೆಯಲ್ಲೇ ಹೆಚ್ಚು. ಬೆಳಗಿನ ಜಾವ ಹೋದರೆ ಗಾಡಿ ಕಮ್ಮಿ, ನಿಜ. ಆದರೆ ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕೆಳಗಿಳಿದು ಹೊಳೆ ಪಕ್ಕದಲ್ಲೇ ನಿಲ್ಲುತ್ತದೆ. ಮೇಲೆ ಬಿಸಿಲು ಬಿದ್ದಿದ್ದರೂ ಕೆಳಗೆ ಮಂಜು ಕವಿದಿರುತ್ತದೆ. ಹಿಂದಿನ ಕೆಂಪು ದೀಪ ಹಾಕದೆ ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಬಾರದು.

ದಿಣ್ಣೆ ದಾರಿ ಬೇರೆಯೇ ಲೋಕ. ಶುರುವಿನಲ್ಲಿ ಎರಡು ಕಿ.ಮೀ. ಉದ್ದದ, ಶೇ. 5ರ ಒಂದು ಏರು. ಅಲ್ಲಿಗೆ 100 ಮೀಟರ್ ಮುಗಿಯಿತು. ಆಮೇಲೆ ದಿಣ್ಣೆಯ ಬೆನ್ನ ಮೇಲೇ ಸಣ್ಣಪುಟ್ಟ ಏರಿಳಿತದಲ್ಲಿ ಸಾಗಿ, ಅದೇ ದಾರಿಯಲ್ಲಿ ವಾಪಸ್. ಒಟ್ಟು 320 ಮೀಟರ್. ದಿಣ್ಣೆಯ ನೆತ್ತಿ ಅಂದರೆ ಮಳೆನೀರು ಎರಡು ಕಡೆಗೆ ಇಬ್ಭಾಗವಾಗುವ ಗೆರೆ. ಅದರ ಮೇಲೇ ಸಾಗುವ ರಸ್ತೆ ಹಳ್ಳ ದಾಟುವ ಪ್ರಸಂಗವೇ ಬರುವುದಿಲ್ಲ. ಹಳ್ಳ ಇಲ್ಲ ಅಂದಮೇಲೆ ಮೋರಿ ಇಲ್ಲ, ತಳದಲ್ಲಿ ಮರಳಿಲ್ಲ, ಬ್ರೇಕ್ ಹಿಡಿಯುವ ಕೆಲಸವಿಲ್ಲ. ಮಳೆ ಬಂದ ಮಾರನೆಯ ದಿನ ಮೂರರಲ್ಲಿ ಮೊದಲು ಒಣಗುವುದೂ ಇದೇ ರಸ್ತೆ. 320 ಮೀಟರ್ ಏರಿದ್ದರೂ ಹೊಳೆ ದಾರಿಗಿಂತ ಏಳೆಂಟು ನಿಮಿಷ ಮಾತ್ರ ಹೆಚ್ಚು ಹಿಡಿಯುತ್ತದೆ, ಕಾರಣ ಇದೇ.

ಗಾಳಿ ಎದ್ದ ದಿನ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. ದಿಣ್ಣೆಯ ಮೇಲೆ ಮರೆ ಅನ್ನುವುದೇ ಇಲ್ಲ. ತಾಸಿಗೆ 28 ಕಿ.ಮೀ. ವೇಗದಲ್ಲಿ ಹೋಗುತ್ತಿರುವವನಿಗೆ 15 ಕಿ.ಮೀ. ಎದುರುಗಾಳಿ ಸಿಕ್ಕಿದರೆ ಮೈಗೆ ಬಡಿಯುವುದು 43 ಕಿ.ಮೀ. ಗಾಳಿ. ತಡೆ ವೇಗದ ವರ್ಗದ ಪ್ರಕಾರ ಏರುವುದರಿಂದ ಅದು ಎರಡು ಪಟ್ಟು ದಾಟುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಸಿಗುವಂತೆ ಹೊರಟರೆ ಸರಿ. ಉಲ್ಟಾ ಆದರೆ ಹೋಗುವಾಗ ನನ್ನಷ್ಟು ಗಟ್ಟಿಗ ಯಾರಿಲ್ಲ ಅನ್ನಿಸುತ್ತದೆ, ಬರುವಾಗ ಆ ಭ್ರಮೆ ಇಳಿಯುತ್ತದೆ. ಅಡ್ಡಗಾಳಿ ಇನ್ನೂ ಕೆಟ್ಟದ್ದು. ಎತ್ತರದ ರಿಮ್ ಇದ್ದರೆ ಮುಂದಿನ ಚಕ್ರವನ್ನೇ ಪಕ್ಕಕ್ಕೆ ಎಳೆಯುತ್ತದೆ. ಗುಡುಗು ಸಿಡಿಲಿನ ಸೂಚನೆ ಇದ್ದರೆ ಈ ದಾರಿಯ ಯೋಚನೆಯೇ ಬೇಡ.

ಇನ್ನು ಅಡ್ಡ ದಾರಿ. ದಿಣ್ಣೆಗಳು ಒಂದರ ಪಕ್ಕ ಒಂದು ಸಾಲಾಗಿ ಮಲಗಿದ್ದರೆ ಅವುಗಳನ್ನು ಅಡ್ಡಹಾಯ್ದು ಹೋಗುವ ರಸ್ತೆ. ಏರು, ಇಳಿ, ಹಳ್ಳ ದಾಟು, ಮತ್ತೆ ಏರು. ಹನ್ನೊಂದು ಏರು, ಒಂದೊಂದೂ 35ರಿಂದ 50 ಮೀಟರ್ ಎತ್ತರ. ಹೆಚ್ಚಿನವು ಶೇ. 6-7, ಒಂದೆರಡು ಕಡೆ ಶೇ. 10. ಒಟ್ಟು 450 ಮೀಟರ್. ನನಗೆ ಹತ್ತಿರ ಹತ್ತಿರ ಎರಡು ತಾಸು ಬೇಕು.

ಇಂಥ ರಸ್ತೆಯ ಬಗ್ಗೆ ಎಲ್ಲರೂ ಹೇಳುವ ಮಾತೊಂದಿದೆ: ಇಳಿಜಾರಿನ ಓಘದಲ್ಲೇ ಮುಂದಿನ ಏರು ಹತ್ತಿಬಿಡಬಹುದು ಅಂತ. ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. ತಾಸಿಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್ ವೇಗ. ಗಾಳಿಯ ತಡೆ, ಟೈರಿನ ಉಜ್ಜಾಟ ಎಲ್ಲ ಬಿಟ್ಟು, ಆ ಓಘವೆಲ್ಲ ಏರಿಗೇ ಹೋದರೂ ಮೇಲೆತ್ತುವುದು ಆರು ಮೀಟರ್ ಚಿಲ್ಲರೆ. 50 ಕಿ.ಮೀ. ವೇಗವಿದ್ದರೂ ಹತ್ತು ಮೀಟರ್ ದಾಟುವುದಿಲ್ಲ. ಸವಾರ ದಪ್ಪಗಿರಲಿ ಸಣ್ಣಗಿರಲಿ, ಲೆಕ್ಕ ಒಂದೇ. 40 ಮೀಟರ್ ಏರಿನಲ್ಲಿ ಉಳಿದ 34 ಮೀಟರ್ ಕಾಲೇ ಹತ್ತಬೇಕು.

ಆದರೂ ಆ ಆರು ಮೀಟರ್ ಬಿಟ್ಟುಕೊಡುವಂಥದ್ದಲ್ಲ. ತಳದಲ್ಲಿ ತಿರುವೋ ಮರಳೋ ಇದ್ದು 20 ಕಿ.ಮೀ.ಗೆ ಬ್ರೇಕ್ ಹಿಡಿದಿರಿ ಅನ್ನಿ, ಉಳಿದ ಓಘ ಎತ್ತುವುದು ಒಂದೂವರೆ ಮೀಟರ್ ಮಾತ್ರ. ಹೋದದ್ದು ನಾಲ್ಕೂಮುಕ್ಕಾಲು ಮೀಟರ್. ಹನ್ನೊಂದು ಹಳ್ಳದಲ್ಲೂ ಹೀಗಾದರೆ 50 ಮೀಟರ್ ಏರು ಹೆಚ್ಚಿಗೆ ಹತ್ತಿದ ಹಾಗೆ, ಯಾವ ಆ್ಯಪ್‌ನಲ್ಲೂ ಅದು ದಾಖಲಾಗುವುದಿಲ್ಲ.

ಆ್ಯಪ್‌ಗಳ ಎತ್ತರದ ಲೆಕ್ಕವೇ ಒಂದು ಕಥೆ. ನಕ್ಷೆಯ ದತ್ತಾಂಶದಿಂದ ಲೆಕ್ಕ ಹಾಕುವವು ಚಿಕ್ಕ ತಗ್ಗುಗಳನ್ನು ನುಂಗಿಹಾಕುತ್ತವೆ. ಎತ್ತರದ ಸೇತುವೆ ಮೇಲೆ ಸಪಾಟಾಗಿ ಹೋದರೂ, ಕೆಳಗಿನ ಕಣಿವೆಗೆ ಇಳಿದು ಹತ್ತಿದಿರಿ ಎಂದು ಬರೆದುಕೊಳ್ಳುವುದೂ ಉಂಟು. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸಾಧನ ಸಣ್ಣ ಏರಿಳಿತ ಹಿಡಿಯುವುದರಲ್ಲಿ ಮೇಲು. ಹವೆ ಬದಲಾಗುವ ದಿನ ಅದೂ ಜಾರುತ್ತದೆ.

ಅಡ್ಡ ದಾರಿಯಲ್ಲಿ ನನಗೆ ಚೆನ್ನಾಗಿ ಪರಿಚಯವಾಗಿರುವುದು ಐದನೆಯ ಹಳ್ಳ. ಇಳಿಜಾರು ಎಡಕ್ಕೆ ಬಾಗಿ ನೇರ ಮೋರಿಯ ಮೇಲೆ ಬೀಳುತ್ತದೆ. ತಿರುವಿನ ಒಳಮಗ್ಗುಲಿನಲ್ಲಿ ಹೊಲದಿಂದ ಕೊಚ್ಚಿ ಬಂದ ಮರಳು ಬೀಸಣಿಗೆಯ ಹಾಗೆ ಹರಡಿರುತ್ತದೆ. ಡಾಂಬರಿನ ಬಣ್ಣಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲದ್ದರಿಂದ ಹತ್ತಿರ ಬರುವವರೆಗೂ ಕಾಣದು. ಬ್ರೇಕ್ ಎಲ್ಲ ಮೊದಲೇ, ಸೈಕಲ್ ನೇರವಾಗಿರುವಾಗಲೇ ಮುಗಿಸಬೇಕು. ಮರಳಿನ ಮೇಲೆ ವಾಲಿಸಿಕೊಂಡು ಬ್ರೇಕ್ ಹಿಡಿದರೆ ಮುಂದಿನ ಚಕ್ರ ಹೇಳದೆ ಕೇಳದೆ ಹೋಗಿಬಿಡುತ್ತದೆ. ಮೋರಿ ದಾಟಿದ ಕೂಡಲೇ ಏರು ಎದ್ದು ನಿಲ್ಲುತ್ತದೆ. ಗೇರು ಅಲ್ಲಿ ಬದಲಿಸಲು ಹೋದರೆ ತಡವಾಯಿತು. ಚೈನಿನ ಮೇಲೆ ಪೂರ್ತಿ ಭಾರ ಬಿದ್ದಿರುವಾಗ ಮುಂದಿನ ಹಲ್ಲುಚಕ್ರ ಬದಲಿಸಿದರೆ ಕಿರ್ರೆಂದು ಕೂಗಿ ಚೈನು ಕಳಚಿಕೊಳ್ಳುವುದೇ ಹೆಚ್ಚು. ಮೋರಿಗೆ ಮುಂಚೆಯೇ, ಕಾಲು ಹಗುರಾಗಿ ತಿರುಗುತ್ತಿರುವಾಗ, ಚಿಕ್ಕದಕ್ಕೆ ಇಳಿಸಿಕೊಳ್ಳಬೇಕು. ಮುಂದೆ 34, ಹಿಂದೆ 32 ಹಲ್ಲು ಇದ್ದರೆ ಶೇ. 10ರ ತುಂಡನ್ನೂ ನಿಮಿಷಕ್ಕೆ 60 ಸುತ್ತಿನಲ್ಲಿ, ತಾಸಿಗೆ 8 ಕಿ.ಮೀ.ನಂತೆ ಕೂತೇ ಹತ್ತಬಹುದು.

ನೆತ್ತಿ ಬಂದಾಗ ಎಲ್ಲರೂ ಮಾಡುವುದು ಉಸ್ಸಪ್ಪಾ ಎಂದು ಕಾಲು ನಿಲ್ಲಿಸುವುದು. ಅಲ್ಲಿ ಇನ್ನೊಂದು ಹತ್ತು ತುಳಿತ ಹಾಕಿ ವೇಗ ಕೂಡಿಸಿಕೊಂಡು ಆಮೇಲೆ ಬಿಟ್ಟರೆ ಇಳಿಜಾರು ಪೂರ್ತಿ ಕೈಗೆ ಸಿಗುತ್ತದೆ. ಸರಾಸರಿಯ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಹತ್ತುವಾಗ 15, ಅಷ್ಟೇ ದೂರ ಇಳಿಯುವಾಗ 45 ಬಂದರೆ ಸರಾಸರಿ 30 ಆಗುವುದಿಲ್ಲ, 22.5 ಆಗುತ್ತದೆ. ಹತ್ತುವುದರಲ್ಲೇ ಹೊತ್ತೆಲ್ಲ ಕಳೆದಿರುತ್ತದಲ್ಲ.

ನನ್ನ ಓಟು ಅಡ್ಡ ದಾರಿಗೇ. ಕೂರುವುದು, ಏಳುವುದು, ಬಿಡುವು, ಶ್ರಮ ಎಲ್ಲ ಸರದಿಯಲ್ಲಿ ಬರುವುದರಿಂದ ಎರಡು ತಾಸಾದರೂ ಮೈ ಒಂದೇ ಕಡೆ ನೋಯುವುದಿಲ್ಲ. ಗಾಳಿಗೂ ಅರ್ಧ ಹೊತ್ತು ಮರೆ ಇರುತ್ತದೆ. ಗುಂಪಿನಲ್ಲಿ ಹೋಗುವವರಿಗೆ ಮಾತ್ರ ದಿಣ್ಣೆ ದಾರಿಯನ್ನೇ ಹೇಳುತ್ತೇನೆ. ಹನ್ನೊಂದು ಏರಿನಲ್ಲಿ ಗುಂಪು ಹನ್ನೊಂದು ಸಲ ಚದುರುತ್ತದೆ, ಪ್ರತಿ ನೆತ್ತಿಯಲ್ಲೂ ಕಾಯುತ್ತ ನಿಂತವರ ಬೆವರು ಆರಿ ಚಳಿ ಹಿಡಿಯುತ್ತದೆ. ಮಳೆ ಬಿದ್ದು ಒಂದೆರಡು ದಿನದೊಳಗಾದರೆ ನಾನೂ ದಿಣ್ಣೆಯ ಮೇಲೇ ಹೋಗುತ್ತೇನೆ, ಹಳ್ಳಗಳ ಮರಳು ಆಗ ಹಸಿಯಾಗಿ, ಹೊಸದಾಗಿ ಬಿದ್ದಿರುತ್ತದೆ.

ಅಡ್ಡ ದಾರಿಯನ್ನು ಯಾವ ಸುತ್ತಿನಲ್ಲಿ ತುಳಿಯಬೇಕು ಅನ್ನುವುದೂ ಸಣ್ಣ ಸಂಗತಿ ಅಲ್ಲ. ದಿಣ್ಣೆಗಳ ಎರಡು ಮಗ್ಗುಲೂ ಒಂದೇ ಸಮ ಇರುವುದು ಅಪರೂಪ. ಒಂದು ಕಡೆ ಚಿಕ್ಕದಾಗಿ ಕಡಿದು, ಇನ್ನೊಂದು ಕಡೆ ಉದ್ದಕ್ಕೆ ಸಲೀಸು. ಕಡಿದಾದ ಕಡೆಯಿಂದ ಹತ್ತಿ ಸಲೀಸಾದ ಕಡೆಗೆ ಇಳಿಯುವಂತೆ ಹೊರಟರೆ ಹಳ್ಳದ ತಳಕ್ಕೆ ಬರುವ ಹೊತ್ತಿಗೆ ವೇಗ ಹಿಡಿತದಲ್ಲಿರುತ್ತದೆ, ಬ್ರೇಕ್ ಅಷ್ಟಾಗಿ ಬೇಕಾಗುವುದಿಲ್ಲ. ಉಲ್ಟಾ ಸುತ್ತಿನಲ್ಲಿ ಐದನೆಯ ಹಳ್ಳಕ್ಕೆ ಶೇ. 10ರ ಕಡೆಯಿಂದ ಇಳಿಯಬೇಕಾಗುತ್ತದೆ, ಹೊರಡುವ ಮುಂಚೆ ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ಅಂತ ಒಮ್ಮೆ ನೋಡಿಕೊಳ್ಳಿ.