ಅಭಿಸರಣೆ ಕಿಟ್: ಕೊಳವೆ ಚೆನ್ನ, ಕೈಪಿಡಿ ಎಡವಟ್ಟು

ಪಿಯುಸಿ ಪ್ರಾಕ್ಟಿಕಲ್‌ಗೆಂದು ಮೈಸೂರಿನ ಲ್ಯಾಬ್ ಸಾಮಾನಿನ ಅಂಗಡಿಯೊಂದರಲ್ಲಿ ಸಿಗುವ ಕಿಟ್ ಇದು. ಅಭಿಸರಣೆ ಎಂದರೆ ತೆಳುವಾದ ಪೊರೆ ದಾಟಿ ನೀರು ದಟ್ಟ ದ್ರಾವಣದ ಕಡೆಗೆ ಹೋಗುವುದು. ಡಬ್ಬಿಯಲ್ಲಿ 1 ಮೀಟರ್ ಡಯಾಲಿಸಿಸ್ ಕೊಳವೆ (ಸಣ್ಣ ಅಣುಗಳನ್ನಷ್ಟೇ ಬಿಡುವ ತೆಳು ಹಾಳೆಯದು), ತಿಸಲ್ ಫನಲ್ (ಉದ್ದ ಕಾಂಡದ ಆಲಿಕೆ), 8 ಮಿ.ಮೀ. ಕಾರ್ಕ್ ಬೋರರ್ (ದುಂಡು ತುಂಡು ಕೊರೆಯುವ ಕೊಳವೆ), 0.1 ಗ್ರಾಂ ತೋರಿಸುವ ಜೇಬು ತಕ್ಕಡಿ, 50 ಗ್ರಾಂ ಸಕ್ಕರೆ, ಗ್ಲೂಕೋಸ್, ಪಿಷ್ಟ, ಅಯೋಡಿನ್, ಬೆನೆಡಿಕ್ಟ್ ದ್ರಾವಣ (ಗ್ಲೂಕೋಸ್ ಇದ್ದರೆ ಕಾಯಿಸಿದಾಗ ಬಣ್ಣ ಬದಲಿಸುತ್ತದೆ), ಸ್ಲೈಡುಗಳು ಮತ್ತು ಕನ್ನಡದ ಕೈಪಿಡಿ ಇವೆ. ಸಾಮಾನಿನ ಬಗ್ಗೆ ದೂರೇನೂ ಇಲ್ಲ. ತಕರಾರು ಕೈಪಿಡಿಯ ಮೇಲೆ.

ಕೊಟ್ಟ ಹಣಕ್ಕೆ ಮೋಸವಿಲ್ಲದ್ದು ಡಯಾಲಿಸಿಸ್ ಕೊಳವೆ. 15 ಸೆಂ.ಮೀ. ತುಂಡು ಕತ್ತರಿಸಿ ಐದು ನಿಮಿಷ ನೀರಲ್ಲಿ ನೆನೆಸಿ, ಬೆರಳ ನಡುವೆ ಉಜ್ಜಿದರೆ ಬಾಯಿ ಬಿಡುತ್ತದೆ. ಒಂದು ತುದಿಯನ್ನು ಎರಡು ಸಲ ಮಡಿಸಿ ದಾರದಿಂದ ಬಿಗಿಯಾಗಿ ಕಟ್ಟಿ. ಕುದಿಸಿ ಆರಿಸಿದ 1% ಪಿಷ್ಟದ ಗಂಜಿ, 10% ಗ್ಲೂಕೋಸ್ ತಲಾ 5 ಮಿ.ಲೀ. ಹಾಕಿ, ಮೇಲೆ 3 ಸೆಂ.ಮೀ. ಖಾಲಿ ಬಿಟ್ಟು ಇನ್ನೊಂದು ತುದಿ ಕಟ್ಟಬೇಕು. ನೀರು ಒಳಗೆ ನುಗ್ಗಿ ಕೊಳವೆ ಉಬ್ಬುತ್ತದೆ, ಜಾಗ ಇಲ್ಲದಿದ್ದರೆ ಗಂಟು ಸೋರುತ್ತದೆ. ಹೊರಮೈಯನ್ನು ನಲ್ಲಿಯ ಕೆಳಗೆ ತೊಳೆದು ಅಯೋಡಿನ್ ಬೆರೆಸಿದ ನೀರಿನ ಬೀಕರಿಗೆ ಇಳಿಸಿ. ಅರ್ಧ ಗಂಟೆಯಲ್ಲಿ ಅಯೋಡಿನ್ ಒಳಹೊಕ್ಕು ಪಿಷ್ಟ ತಾಗಿ ಒಳಗೆ ಕಡು ನೀಲಿ, ಪಿಷ್ಟ ಹೊರಬಾರದ್ದರಿಂದ ಹೊರಗೆ ಅದೇ ಕಂದು. ಹೊರಗೂ ನೀಲಿಯಾದರೆ ಗಂಟು ಸಡಿಲ, ಇಲ್ಲವೇ ತೊಳೆಯುವುದನ್ನು ಮರೆತಿದ್ದೀರಿ. ಗ್ಲೂಕೋಸ್ ಹೊರಬಂದದ್ದನ್ನು ಬೆನೆಡಿಕ್ಟ್‌ನಿಂದ ನೋಡಲು ಕೈಪಿಡಿ ಇದೇ ಬೀಕರಿನ ನೀರು ತೆಗೆಯಿರಿ ಎನ್ನುತ್ತದೆ. ಬೇಡ. ಅಯೋಡಿನ್ ಆ ಪರೀಕ್ಷೆಯನ್ನು ಕೆಡಿಸುತ್ತದೆ. ಬರೀ ನೀರಿನಲ್ಲಿ ಇನ್ನೊಂದು ಕೊಳವೆ ಇಟ್ಟು, ಆ ನೀರಿಗೆ ಬೆನೆಡಿಕ್ಟ್ ಹಾಕಿ ಕಾಯಿಸಿ ನೋಡಿ.

ತಿಸಲ್ ಫನಲ್ ಪ್ರಯೋಗದಲ್ಲಿ ಕೈಪಿಡಿ ನಿಜಕ್ಕೂ ಎಡವಿದೆ. ಫನಲ್ ಬಾಯಿಗೆ ಇದೇ ಕೊಳವೆಯ ಹಾಳೆ ಕಟ್ಟಿ ಸಕ್ಕರೆ ದ್ರಾವಣ ತುಂಬಿದರೆ ಮಟ್ಟ ಏರಿ ನಿಲ್ಲುತ್ತದಂತೆ. ಏರುತ್ತದೆ, ಆದರೆ ನಿಲ್ಲುವುದಿಲ್ಲ. ಡಬ್ಬಿಯ ಮೇಲೆಯೇ ಬರೆದಿರುವಂತೆ ಕೊಳವೆಯ ರಂಧ್ರ (ಅಣುವಿನ ತೂಕದ ಅಳತೆಯಾದ ಡಾಲ್ಟನ್ ಲೆಕ್ಕದಲ್ಲಿ) ಸುಮಾರು 12,000 ಡಾಲ್ಟನ್‌ವರೆಗಿನ ಅಣುಗಳನ್ನು ಬಿಡುತ್ತದೆ. ಸುಕ್ರೋಸ್, ಅಂದರೆ ನಮ್ಮ ಸಕ್ಕರೆ, ಬರೀ 342. ಅದು ನಿಧಾನವಾಗಿ ಸೋರಿ, ಮರುದಿನದ ಹೊತ್ತಿಗೆ ಮಟ್ಟ ಇಳಿದಿರುತ್ತದೆ. ‘ನನ್ನ ಪ್ರಯೋಗ ಕೆಟ್ಟಿತು’ ಎಂದು ಮಕ್ಕಳು ಗೀಚಿ ಅಳಿಸುವುದು ಇದಕ್ಕೇ. ಹೊರಗಿನ ನೀರಿನ ಒಂದು ಹನಿಯನ್ನು ಸ್ಲೈಡಿನ ಮೇಲೆ ಒಣಗಿಸಿ ಮುಟ್ಟಿ, ಅಂಟುತ್ತದೆ. ಬೆನೆಡಿಕ್ಟ್ ಇಲ್ಲಿ ಸುಮ್ಮನಿರುತ್ತದೆ, ಸುಕ್ರೋಸ್ ಅಪಕರ್ಷಕ ಸಕ್ಕರೆಯಲ್ಲ, ಅಂದರೆ ಬೆನೆಡಿಕ್ಟ್ ಬಣ್ಣ ಬದಲಿಸುವ ಗುಣ ಅದಕ್ಕಿಲ್ಲ.

ಕೈಪಿಡಿ ಈ ಹಾಳೆಯನ್ನು ‘ಜೀವಕೋಶದ ಪೊರೆ’ ಎಂದೇ ಕರೆದುಬಿಟ್ಟಿದೆ. ಇದು ಜರಡಿ, ಗಾತ್ರ ನೋಡಿ ಬಿಡುತ್ತದೆ ಅಷ್ಟೆ. ಜೀವಂತ ಪೊರೆ ಕೊಬ್ಬಿನ ಎರಡು ಪದರ. ಸುಕ್ರೋಸ್‌ಗಿಂತ ಎಷ್ಟೋ ಪುಟ್ಟದಾದ ಸೋಡಿಯಂ ಅಯಾನನ್ನೂ ಅದು ಸುಲಭಕ್ಕೆ ಬಿಡದು. ನೀರಿಗೆ ಅಕ್ವಾಪೋರಿನ್ ಎಂಬ ಪ್ರೋಟೀನ್ ಬಾಗಿಲುಗಳಿವೆ (ಇದಕ್ಕೇ ಪೀಟರ್ ಆಗ್ರೆಗೆ 2003ರ ರಸಾಯನ ನೊಬೆಲ್‌ನಲ್ಲಿ ಪಾಲು). ಪ್ರಾಣಿಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪು ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ ದಬ್ಬುತ್ತದೆ. ಯಾವ ಕಿಟ್‌ನ ಹಾಳೆಯೂ ಇದನ್ನು ಮಾಡದು.

ಜೀವಂತ ಪೊರೆ ಬೇಕಿದ್ದರೆ ಆಲೂಗಡ್ಡೆಯೇ ಗತಿ, ಮತ್ತು ಕಿಟ್‌ನ ಬೋರರ್ ಅದಕ್ಕೆ ಒಳ್ಳೆಯದು. 0.2, 0.4, 0.6, 0.8 ಮೋಲಾರ್ (ಸಾಂದ್ರತೆಯ ಅಳತೆ, 1 ಮೋಲಾರ್ ಎಂದರೆ ಲೀಟರಿಗೆ 342 ಗ್ರಾಂ ಸಕ್ಕರೆ) ದ್ರಾವಣ ತಲಾ 100 ಮಿ.ಲೀ.ಗೆ ಸಕ್ಕರೆ 6.8, 13.7, 20.5, 27.4 ಗ್ರಾಂ. ಒಟ್ಟು 68 ಗ್ರಾಂ ಮೀರುತ್ತದೆ, ಕೊಟ್ಟಿರುವುದು 50! ದಿನಸಿ ಅಂಗಡಿಯ ಸಕ್ಕರೆ ಧಾರಾಳವಾಗಿ ನಡೆಯುತ್ತದೆ. ಮಂಡ್ಯದ ಬೆಲ್ಲ ಮಾತ್ರ ಬೇಡ: ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್, ಲವಣಗಳೂ ಇರುವುದರಿಂದ ಮೋಲಾರ್ ಲೆಕ್ಕ ಹಿಡಿಯುವುದಿಲ್ಲ. ಸಕ್ಕರೆಯನ್ನು ಸ್ವಲ್ಪ ನೀರಲ್ಲಿ ಕರಗಿಸಿ ಆಮೇಲೆ 100ರ ಗೆರೆಗೆ ತನ್ನಿ. 100 ಮಿ.ಲೀ. ನೀರಿಗೆ ಸುರಿದರೆ ದ್ರಾವಣ ತೆಳುವಾಗುತ್ತದೆ.

ಒಂದೇ ಆಲೂಗಡ್ಡೆಯಿಂದ 4 ಸೆಂ.ಮೀ. ತುಂಡು ತೆಗೆದರೆ ತಲಾ ಸುಮಾರು 2 ಗ್ರಾಂ. ಈ ತಕ್ಕಡಿಯ 0.1 ಗ್ರಾಂ ಎಂದರೆ ಅದರ 5%, ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲ. ಐದು ತುಂಡು ಒಟ್ಟಿಗೆ ತೂಗಿ, ದೋಷ 1%ಗೆ ಇಳಿಯುತ್ತದೆ. ಒಂದು ಗಂಟೆ ನೆನೆಸಿ, ಬಟ್ಟೆಯಿಂದ ಒತ್ತದೆ ಒರೆಸಿ, ಮತ್ತೆ ತೂಗಿ, ದ್ರಾವಣದ ಸಾಂದ್ರತೆಗೆ ತೂಕದ ಬದಲಾವಣೆಯ ಗ್ರಾಫ್ ಹಾಕಿದರೆ ಗೆರೆ ಸಾಮಾನ್ಯವಾಗಿ 0.3 ಮೋಲಾರ್ ಆಸುಪಾಸಿನಲ್ಲಿ ಸೊನ್ನೆ ದಾಟುತ್ತದೆ, ಅಂದರೆ ಸುಮಾರು 0.75 ಮೆಗಾಪಾಸ್ಕಲ್ ಅಭಿಸರಣ ಒತ್ತಡ (ದ್ರಾವಣ ನೀರನ್ನು ಎಳೆಯುವ ಬಲದ ಅಳತೆ). ಡಿಸ್ಟಿಲ್ಡ್ ನೀರೇ ಬೇಕೆಂಬ ಕೈಪಿಡಿಯ ಹಟ ಇಲ್ಲಿ ಅನಗತ್ಯ. ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಲೀಟರಿಗೆ 500 ಮಿ.ಗ್ರಾಂ ಇದ್ದರೂ ಅದರ ಅಭಿಸರಣ ಒತ್ತಡ ಇದರ ಹತ್ತರಲ್ಲೊಂದು ಪಾಲಿಗೂ ಬರುವುದಿಲ್ಲ. ಜೊತೆಗೆ ಬೇಯಿಸಿದ ತುಂಡುಗಳನ್ನೂ ಒಮ್ಮೆ ಇಟ್ಟು ನೋಡಿ. ಪೊರೆ ಸತ್ತಿರುವುದರಿಂದ ಹಸಿಯಂತೆ ನಡೆದುಕೊಳ್ಳುವುದಿಲ್ಲ. ಕೈಪಿಡಿಯಲ್ಲಿ ಈ ಹೋಲಿಕೆಯೇ ಇಲ್ಲ.

ಸ್ಲೈಡುಗಳಿಗೆ ಮೈಸೂರಿನ ಕಾಂಪೌಂಡುಗಳ ಬದಿಯಲ್ಲಿ ಬೆಳೆಸುವ ರಿಯೋ ಎಂಬ ಅಲಂಕಾರಿಕ ಗಿಡದ ಎಲೆ ತನ್ನಿ. ಓರೆಯಾಗಿ ಹರಿದರೆ ಕೆಳಭಾಗದ ನೇರಳೆ ಸಿಪ್ಪೆ ತೆಳ್ಳಗೆ ಬರುತ್ತದೆ. 5% ಉಪ್ಪು ನೀರು ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಕೋಶದೊಳಗಿನ ನೇರಳೆ ಭಾಗ ಮುದುಡಿ ಕೋಶದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗಲೇ ತೊಳೆದು ಸಾದಾ ನೀರು ಬಿಡಿ, ಮತ್ತೆ ಅರಳುತ್ತದೆ. ತಡಮಾಡಿದರೆ ಕೋಶ ಸತ್ತು ಬಣ್ಣ ಸೋರಿ, ಮರಳುವುದಿಲ್ಲ.

ಅಂಗಡಿಯಾತ ಬಿಡಿಯಾಗಿ ಕೊಟ್ಟರೆ ಕೊಳವೆ, ಬೋರರ್, ಅಯೋಡಿನ್ ಇಷ್ಟೇ ಕೊಳ್ಳಿ. ಅಯೋಡಿನ್ ಬಾಟಲಿ ಬಿಳಿ ಗಾಜಿನದು, ಮನೆಗೆ ತಂದ ಕೂಡಲೇ ಕಪ್ಪು ಕಾಗದ ಸುತ್ತಿ ಕತ್ತಲಲ್ಲಿಡಿ.